ಹಿಂಬದಿಯ ಮೆಟ್ಟಿಲ ಮೇಲೆ ಮಾತೃಭಾಷೆಯಲ್ಲಿ ತಾಯಿಯನ್ನು ಸಂತೈಸಿದ ಬಗ್ಗೆ

ಪ್ರತಿಜ್ಞೆ ಪಾಲನಾ ಶಾಖೆ
ವಸತಿಸಹಿತ ತ್ವರಿತ ಜಪಾನಿ ಭಾಷಾ ಶಾಲೆ, ವಿದೇಶ ಕೇಂದ್ರ

ಸಂಖ್ಯೆ: ಪ್ರಪಾಶಾ/ಬಾಯಿಬಿಗಿ/9/ಹಿಂಮೆಟ್ಟಿಲು

ಸುತ್ತೋಲೆ

ವಿಷಯ: ಪಾಠದಲ್ಲಿ ಇನ್ನೂ ಬಾರದ ವಿಷಯಗಳ ಬಗ್ಗೆ ವಿದ್ಯಾರ್ಥಿಗಳು ದುಃಖಿಸುವುದನ್ನು ನಿರ್ಬಂಧಿಸುವ ಕುರಿತು.

ಉಲ್ಲೇಖ: 1. ಸೇರಿದ ದಿನವೇ ವಿದ್ಯಾರ್ಥಿಗಳು ಸಹಿ ಹಾಕಿದ 'ಆರು ತಿಂಗಳು ಜಪಾನಿ ಬಿಟ್ಟು ಬೇರೆ ಮಾತಾಡೆನು' ಎಂಬ ಪ್ರತಿಜ್ಞಾಪತ್ರ.
2. ಬಾಗಿಲಿಗೆ ಕಿವಿಯಿಟ್ಟು ವಾರ್ಡನ್ ಸಲ್ಲಿಸಿದ ವರದಿ.

ಎರಡನೇ ಮಹಡಿಯಲ್ಲಿರುವ, 'ನರ್ಸಮ್ಮ' ಎಂದು ಎಲ್ಲರೂ ಕರೆಯುವ ವಿದ್ಯಾರ್ಥಿನಿಗೆ ಕಳೆದ ಶನಿವಾರ ಊರಿನಿಂದ ತಾಯಿಯ ಫೋನ್ ಬಂದಿರುತ್ತದೆ. ಬರುವ ಗುರುವಾರ ತಮಗೆ ಹೃದಯದ ಆಪರೇಶನ್ ಎಂದು ತಾಯಿ ತಿಳಿಸಿರುತ್ತಾರೆ. ವಿದ್ಯಾರ್ಥಿನಿಯು ಪ್ರತಿಜ್ಞೆಯಂತೆ, ಎರಡು ವಾರದಲ್ಲಿ ಕಲಿತಷ್ಟು ಜಪಾನಿಯಲ್ಲೇ 'ಇದು ಗಡಿಯಾರ', 'ಅದು ಕೊಡೆ', 'ನಾನು ವಿದ್ಯಾರ್ಥಿ' ಎಂದು ಮೂರು ನಿಮಿಷ ಉತ್ತರಿಸಿರುತ್ತಾರೆ. ಉಚ್ಚಾರಣೆ ತೃಪ್ತಿಕರವಾಗಿತ್ತು. ಮಗಳಿಗೆ ಏನೋ ಆಗಿಹೋಗಿದೆಯೆಂದು ತಾಯಿ ಅಳತೊಡಗಿದಾಗ ಸದರಿ ವಿದ್ಯಾರ್ಥಿನಿಯು ನೆಲ ಒರೆಸುವ ಬಕೆಟ್ ಪಕ್ಕ, ಮೆಟ್ಟಿಲ ಮೇಲೆ ಕುಳಿತು, ಈ ಕೆಳಕಂಡ ಅಪರಾಧ ಎಸಗಿರುತ್ತಾರೆ:

"ಅಮ್ಮಾ, ಅಳ್ಬೇಡ ಕಣಮ್ಮಾ. ನನಗೇನೂ ಆಗಿಲ್ಲ, ಇಲ್ಲಿಯವರಿಗೆ ತಲೆ ಕೆಟ್ಟಿದೆ ಅಷ್ಟೆ. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ."

ಈ ಹಿನ್ನೆಲೆಯಲ್ಲಿ ಎಲ್ಲರ ಗಮನಕ್ಕೆ ತರಬಯಸುವುದೇನೆಂದರೆ:

1. ಪಠ್ಯಪುಸ್ತಕದಲ್ಲಿ 'ತಾಯಿ' ಏಳನೇ ಪಾಠದಲ್ಲೂ, 'ಕಾಯಿಲೆ' ಹದಿನೇಳನೇ ಪಾಠದಲ್ಲೂ ಬರುತ್ತದೆ. ಆದ್ದರಿಂದ ಏಳನೇ ಪಾಠಕ್ಕೆ ಮುನ್ನ ಯಾರಿಗೂ ತಾಯಿ ಇರತಕ್ಕದ್ದಲ್ಲ. ಇದ್ದರೂ ಹದಿನೇಳರವರೆಗೆ ಅವರು ಆರೋಗ್ಯವಾಗಿರತಕ್ಕದ್ದು.

2. 'ಅಯ್ಯೋ', 'ಅಮ್ಮಾ', 'ಸತ್ತೆ' ಮುಂತಾದ ಉದ್ಗಾರಗಳನ್ನೂ ಮಾತೃಭಾಷೆಯೆಂದೇ ಪರಿಗಣಿಸಲಾಗುವುದು. ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಬೆರಳು ಸಿಕ್ಕಿಕೊಂಡಾಗ ಜಪಾನಿಯಲ್ಲಿ 'ಶುಭೋದಯ' ಎಂದು ಕಿರುಚಿದ, ಲಾರಿ ಚಾಲಕರಾಗಿದ್ದ ವಿದ್ಯಾರ್ಥಿಯೊಬ್ಬರ ಸಂಯಮ ಅನುಕರಣೀಯ. ಆಗ ಸಂಜೆಯಾಗಿತ್ತು ಎಂಬ ದೋಷವನ್ನು ಈ ಬಾರಿ ಮನ್ನಿಸಲಾಗಿದೆ.

3. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿರುತ್ತಾರೆ. ಮಾತೇ ಇಲ್ಲದವನಿಗೆ ದೂರು ಕೊಡಲೂ ಬಾರದೆಂಬುದು ಶಾಖೆಯ ಅನುಭವ. ಕಳೆದ ವರ್ಷ ವಿದ್ಯಾರ್ಥಿಗಳಿಂದ ಒಂದೇ ಒಂದು ದೂರೂ ಬಂದಿರುವುದಿಲ್ಲ.

4. ಅಳು ಯಾವ ಭಾಷೆಯದೆಂಬ ಪ್ರಶ್ನೆ ಉದ್ಭವಿಸಿದ್ದು, ತಜ್ಞರ ಅಭಿಪ್ರಾಯ ಬರುವವರೆಗೆ ಸದ್ದಿಲ್ಲದೆ ಅಳಲು ಅನುಮತಿಸಲಾಗಿದೆ. ಮೂಗು ಸೊರಗುಟ್ಟಿಸುವಂತಿಲ್ಲ.

5. ಆಪರೇಶನ್ನನ್ನು ಹದಿನೇಳನೇ ಪಾಠ ಮುಗಿಯುವವರೆಗೆ, ಅಂದರೆ ಆರು ವಾರ, ಮುಂದೂಡುವಂತೆ ಊರಿನ ಆಸ್ಪತ್ರೆಗೆ ಪತ್ರ ಬರೆಯಲಾಗಿದೆ. ಹೃದಯವು ಅಷ್ಟು ದಿನ ಸಹಕರಿಸುವುದೇ ಎಂದು ವೈದ್ಯರು ಕೇಳಿದ್ದು, ಹೃದಯದ ನಡವಳಿಕೆಯು ಶಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಉತ್ತರಿಸಲಾಗಿದೆ.

6. ಅಲ್ಲಿಯವರೆಗೆ ನರ್ಸಮ್ಮನವರ ಫೋನನ್ನು ಶಾಖೆಯ ಕಪಾಟಿನಲ್ಲಿ ಬೀಗ ಹಾಕಿ ಇರಿಸಲಾಗಿದೆ. ಅದು ಸದ್ದು ಮಾಡಿದರೆ ಯಾರೂ ಎತ್ತುವಂತಿಲ್ಲ. ನಿನ್ನೆಯಿಂದ ಹನ್ನೊಂದು ಸಲ ಸದ್ದು ಮಾಡಿದೆ. ಅದನ್ನು ಕೇಳಿ ಶಾಖೆಯ ಗುಮಾಸ್ತರ ಮನಸ್ಸಿಗೆ ಕಸಿವಿಸಿಯಾಗಿದ್ದು, ಅವರಿಂದ ವಿವರಣೆ ಕೇಳಲಾಗಿದೆ.

7. ಅನುಮತಿಯಿಲ್ಲದೆ ಶಾಲೆ ಬಿಟ್ಟು ಹೋದವರಿಗೆ ಪ್ರಮಾಣಪತ್ರ ನೀಡಲಾಗುವುದಿಲ್ಲ. ಪ್ರಮಾಣಪತ್ರವಿಲ್ಲದೆ ಜಪಾನಿನ ಯಾವ ಆಸ್ಪತ್ರೆಯೂ ಕೆಲಸ ಕೊಡುವುದಿಲ್ಲವೆಂದು ಸಂಬಂಧಪಟ್ಟವರು ನೆನಪಿಡುವುದು. ರೋಗಿಗಳನ್ನು ಸಂತೈಸುವ ಉದ್ಯೋಗಕ್ಕೆ ಹೊರಟವರು ಮೊದಲು ತಾಯಿಯನ್ನು ಸಂತೈಸದಿರಲು ಕಲಿಯತಕ್ಕದ್ದು.

8. ಈ ಸುತ್ತೋಲೆ ಕನ್ನಡದಲ್ಲಿರುವುದು ಪ್ರತಿಜ್ಞಾಭಂಗವಲ್ಲ. ಶಾಖೆಯಲ್ಲಿ ಯಾರಿಗೂ ಜಪಾನಿ ಬರುವುದಿಲ್ಲ. ಕಲಿಯುವ ಪ್ರಸ್ತಾವವೂ ಇರುವುದಿಲ್ಲ.

(ಸಹಿ ಅಸ್ಪಷ್ಟ)
ಮುಖ್ಯ ಮೇಲ್ವಿಚಾರಕರು, ಪ್ರತಿಜ್ಞೆ ಪಾಲನಾ ಶಾಖೆ

ಪ್ರತಿಗಳು:
1. ವಾರ್ಡನ್ ಅವರಿಗೆ. ಕಿವಿಯನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳಲು ಸೂಚಿಸಿ.
2. ಜಪಾನಿ ಶಿಕ್ಷಕಿಯವರಿಗೆ. ಹದಿನೇಳನೇ ಪಾಠವನ್ನು ನಾಳೆಯೇ ಹೇಳಿಕೊಡುತ್ತೇನೆಂಬ ಅವರ ಮನವಿಯನ್ನು ಅಶಿಸ್ತೆಂದು ತಿರಸ್ಕರಿಸಿ.
3. ನರ್ಸಮ್ಮನವರಿಗೆ. ಇವರಿಗೆ ಮುಂಗಡವಾಗಿ ನೀಡಿದ್ದ ಕರಡು ಪ್ರತಿಯು ಬುಧವಾರ ಬೆಳಗ್ಗೆ ಅವರ ಖಾಲಿ ಮಂಚದ ಮೇಲೆ ಸಿಕ್ಕಿರುತ್ತದೆ. ಕಪಾಟಿನ ಬೀಗ ಮುರಿದಿದ್ದು, ಫೋನ್ ಇರುವುದಿಲ್ಲ. ಪ್ರತಿಯ ಹಿಂಬದಿಯಲ್ಲಿ, "ಅಮ್ಮನ ಹತ್ರ ಹೋಗ್ತಿದ್ದೀನಿ. ಗುರುವಾರ ಅವಳ ಕೈ ಹಿಡ್ಕೊಂಡು ಬಾಯ್ತುಂಬ ಮಾತಾಡ್ತೀನಿ. ಅವಳು ಕಣ್ಬಿಟ್ಟು ನೋಡಿದ ಮೇಲೆ ಸೋಮವಾರ ಬಂದು ಕ್ಲಾಸಲ್ಲಿ ಕೂರ್ತೀನಿ. ತಡೆಯೋ ಗಂಡಸು ಯಾರು ಅಂತ ಅವತ್ತೇ ನೋಡೋಣ" ಎಂದು ಬರೆದಿರುತ್ತದೆ. ಬರಹವು ಜಪಾನಿಯಲ್ಲಿಲ್ಲದ ಕಾರಣ ಅದನ್ನು ಇಡೀ ಶಾಖೆ ಸೇರಿ ಎರಡು ಸಲ ಓದಿ, ಓದಿಲ್ಲವೆಂದು ದಾಖಲಿಸಲಾಗಿದೆ.
4. ಕಾವಲುಗಾರರಿಗೆ. ಸೋಮವಾರ ಶಾಖೆಯ ಎಲ್ಲ ಸಿಬ್ಬಂದಿಯೂ ರಜೆಯ ಮೇಲಿರುತ್ತಾರೆ.