ಮುನಿದ ಸೊಸೆಯ ಏಳು ಕಲ್ಲು

ಎಲ್ಲ ಅನರ್ಥಕ್ಕೂ ಮೂಲ ಇಪ್ಪತ್ತನಾಲ್ಕು ಪುಟದ ಒಂದು ಪುಸ್ತಿಕೆ. ಹೆಸರು ‘ಮುನಿದ ಸೊಸೆಯ ದಾರಿ’. ಬರೆದವನು ಪ್ರವಾಸ ಕಚೇರಿಯ ಗುಮಾಸ್ತ. ಹಿಂದೆ ಯಾವಳೋ ಸೊಸೆ ಅತ್ತೆಯ ಜೊತೆ ಜಗಳವಾಡಿ, ಕೊಡ ಹೊತ್ತು ತವರಿಗೆ ಹೊರಟಳಂತೆ. ದಣಿವಾರಿಸಿಕೊಳ್ಳಲು ಏಳು ಕಡೆ ಕೊಡ ಇಳಿಸಿದಳಂತೆ, ಇಳಿಸಿದಲ್ಲೆಲ್ಲ ಒಂದೊಂದು ಕಲ್ಲು ಎದ್ದಿತಂತೆ. ಹದಿನೆಂಟು ಮೈಲಿ ಅವಳು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಆ ದಾರಿ ಹಿಡಿದವರೂ ನೋಡಬಾರದು, ನೋಡಿದರೆ ದಾರಿ ತಪ್ಪುತ್ತದೆ ಎನ್ನುತ್ತಿದ್ದರು.

ಬಸ್ ನಿಲ್ದಾಣದ ಹಿಂದಿನ ಮೊದಲ ಕಲ್ಲು ಊರಿಗೆಲ್ಲ ಗೊತ್ತು. ಗುಮಾಸ್ತನಿಗೂ ಅಷ್ಟೇ ಗೊತ್ತು. ಮಿಕ್ಕ ಆರನ್ನು ಅವನು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು, ಕ್ಷೌರಿಕ ಹೇಳಿದ್ದನ್ನು ಕೇಳಿ ಬರೆದುಬಿಟ್ಟಿದ್ದ. ಹೆದರಿಕೆ ಇತ್ತು. ಆದರೆ ಕಚೇರಿಯ ಸಾಹೇಬರು ಮುನ್ನುಡಿಯಲ್ಲಿ, “ಈ ದಾರಿಯನ್ನು ನಾನೇ ಮೂರು ಬಾರಿ ನಡೆದಿದ್ದೇನೆ. ಇಲ್ಲಿನ ಪ್ರತಿ ಅಕ್ಷರವೂ ನಿಜ” ಎಂದು ಬರೆದ ಮೇಲೆ ಸದ್ಯ ಬದುಕಿದೆ ಅಂದುಕೊಂಡಿದ್ದ.

ಒಂದು ದಿನ ಟೈಪಿಸ್ಟ್ ಅಕ್ಕ ಸುಮ್ಮನಿರದೆ ಬಾಯಿ ಹಾಕಿದಳು. “ಸಾರ್, ಕಲ್ಲುಗಳ ಹತ್ರ ಹೊಸ ಬೋರ್ಡು ನೆಡೋಕೆ ಮುಂಚೆ ನೀವಿಬ್ರೂ ಒಂದ್ಸಲ ನಡ್ಕೊಂಡು ಬಂದ್ಬಿಡಿ. ನಮ್ಮ ಗುಮಾಸ್ತರಿಗೆ ಆ ದಾರೀಲಿ ಒಂದೊಂದು ಕಲ್ಲೂ ನೆಂಟ್ರು!”

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ, “ಆಗ್ಲಿ, ನಾಳೇನೇ ಹೋಗೋಣ. ಬಂದ್ಮೇಲೆ ನಿಮ್ಮ ಖಾಯಂ ಆರ್ಡರಿಗೆ ಸಹಿ ಹಾಕ್ತೀನಿ” ಎಂದರು.

ಹನ್ನೊಂದು ವರ್ಷದಿಂದ ಅವನು ತಾತ್ಕಾಲಿಕ ಗುಮಾಸ್ತ. ಮರುದಿನ ಬೆಳಗ್ಗೆ ಬುತ್ತಿ ಕಟ್ಟಿಕೊಡುತ್ತ ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು: “ನೋಡಿ, ಸಾಹೇಬ್ರು ಹಗಲನ್ನ ರಾತ್ರಿ ಅಂದ್ರೂ ಹೂಂ ಅನ್ನಿ. ಈ ಸಲಾನೂ ಖಾಯಂ ಆಗ್ಲಿಲ್ಲ ಅಂದ್ರೆ ನಾನೇ ಕೊಡ ಹೊತ್ಕೊಂಡು ಹೊರಡ್ತೀನಿ.”

ಹೊರಟ ಅರ್ಧ ಗಂಟೆಗೇ ದಾರಿ ಕವಲೊಡೆಯಿತು. ಸಾಹೇಬರು ಹೋದತ್ತ ಹೋದರಾಯಿತು ಎಂದು ಗುಮಾಸ್ತ ನಿಂತ. ಸಾಹೇಬರೂ ನಿಂತರು.

“ಹೂಂ, ಯಾವ ಕಡೆ?”

“ನಿಮಗೆ ಗೊತ್ತಿರೋದೇ ಅಲ್ವಾ ಸಾರ್...”

“ನನಗೆ ಗೊತ್ತು ಕಣ್ರೀ. ನಿಮಗೆ ಗೊತ್ತಾ ಅಂತ ನೋಡ್ತಿದೀನಿ.”

ಸತ್ತೆ ಅಂದುಕೊಂಡು ಗುಮಾಸ್ತ ಪುಸ್ತಿಕೆ ತೆಗೆದ. ಎಡಕ್ಕೆ ಎಂದಿತ್ತು. ಎಲ್ಲ ಕವಲಿನಲ್ಲೂ ಎಡಕ್ಕೇ ಎಂದಿತ್ತು. ಬರೆಯುವಾಗ ಬಲ ಅನ್ನುವುದೊಂದಿದೆ ಎಂದು ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

ಎರಡನೇ ಕಲ್ಲು ಸಿಗಲಿಲ್ಲ. ಹೊಲದ ಗಡಿಕಲ್ಲು ತೋರಿಸಿ, “ಇದೇ ಸಾರ್” ಎಂದ. ಸಾಹೇಬರು ಅದನ್ನು ತಟ್ಟಿ ನೋಡಿ, “ಅದೇ, ಅದೇ. ಸ್ವಲ್ಪ ಇಳಿದುಹೋಗಿದೆ” ಎಂದರು. ಮೂರನೆಯದು ಕೆರೆ ದಂಡೆಯ ಒಗೆಯುವ ಕಲ್ಲು. ಸಾಹೇಬರು ಟೋಪಿ ತೆಗೆದು ಅದಕ್ಕೆ ತಲೆಬಾಗಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸು ತನಗೇ ಎಂದುಕೊಂಡು, “ಒಳ್ಳೇದಾಗ್ಲಿ ಬಿಡಪ್ಪ” ಎಂದಳು.

ನಾಲ್ಕನೇ ಕಲ್ಲಿನ ಹತ್ತಿರ ಸಿಹಿನೀರಿನ ಬುಗ್ಗೆ ಇರಬೇಕಿತ್ತು. ಇದ್ದದ್ದು ಮುಳ್ಳುಕಂಟಿ. ಸಾಹೇಬರ ಬಾಟಲಿ ಆಗಲೇ ಬರಿದಾಗಿತ್ತು.

“ಬುಗ್ಗೆ ಎಲ್ರೀ?”

“ಬೇಸಗೇಲಿ ಅದು... ಒಳಗಿಂದೊಳಗೇ ಹರಿಯುತ್ತೆ ಸಾರ್.”

ಸಾಹೇಬರು ಅವನನ್ನೇ ದುರುಗುಟ್ಟಿ ನೋಡಿದರು. ಹೋಯ್ತು ನನ್ನ ಖಾಯಂ ಕೆಲಸ ಎಂದುಕೊಂಡು ಗುಮಾಸ್ತ ಪುಸ್ತಿಕೆಯನ್ನು ಜೇಬಿಗೆ ತುರುಕಿದ.

“ಹೌದು,” ಎಂದರು ಸಾಹೇಬರು ಕೊನೆಗೆ. “ನಾನು ಬಂದಾಗ್ಲೂ ಒಳಗೇ ಹರೀತಿತ್ತು.”

ಇಳಿಹೊತ್ತಿಗೆ ಹಿಂದಿನಿಂದ ನಾಯಿ ಬೊಗಳಿತು. ಬೊಗಳುವುದು ಹತ್ತಿರ ಹತ್ತಿರ ಬಂತು. “ಹಿಂದೆ ನೋಡ್ಬೇಡ್ರೀ!” ಎಂದು ಕೂಗಿ ಸಾಹೇಬರು ಓಟ ಕಿತ್ತರು. ನಾಯಿ ಎಷ್ಟು ದೊಡ್ಡದಿತ್ತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಗುಮಾಸ್ತನ ಪ್ಯಾಂಟಿಗೆ ಮಾತ್ರ ಗೊತ್ತಾಯಿತು.

ಐದು, ಆರು, ಏಳು ಎಲ್ಲಿ ಕಳೆದವೋ, ಇಬ್ಬರೂ ಕೇಳಲಿಲ್ಲ. ಮಬ್ಬುಗತ್ತಲಲ್ಲಿ ದೀಪಗಳು ಕಂಡವು. “ಸಾರ್! ಸೊಸೆಯ ತವರೂರು! ಬಂದ್ಬಿಟ್ವಿ ಸಾರ್!” ಎಂದು ಕೂಗುವಷ್ಟರಲ್ಲಿ ಗುಮಾಸ್ತನಿಗೆ ಅಳುವೇ ಬಂತು. ಬೇಲಿ ದಾಟಿ ಯಾರದೋ ಹಿತ್ತಲಿಗೆ ನುಗ್ಗಿದರು. ಬಾಗಿಲು ತೆರೆದು ಒಬ್ಬ ಬಕೆಟ್ ತುಂಬ ಸೋಪಿನ ನೀರನ್ನು ಇಬ್ಬರ ಕಾಲ ಮೇಲೆ ಚೆಲ್ಲಿದ.

“ಅಯ್ಯೋ ಸಾಹೇಬ್ರೇ! ಅಂಗಡಿಗೆ ಹಿತ್ತಲಿಂದ ಬಂದ್ರಾ?”

ಊರಿನ ಕ್ಷೌರಿಕ! ಎಡಕ್ಕೆ ತಿರುಗಿ ತಿರುಗಿ ಹೊರಟಲ್ಲಿಗೇ ಬಂದಿದ್ದರು. ಸಾಹೇಬರು ಗುಡುಗಿದರು. “ಈ ಸುಳ್ಳಿನ ಕಂತೆ ಎಲ್ಲಿಂದ ತಂದ್ರೀ?”

“ತಪ್ಪಾಯ್ತು ಸಾರ್. ನಾನು ಆ ದಾರೀಲಿ ಕಾಲೇ ಇಟ್ಟಿಲ್ಲ. ಎಲ್ಲಾ ಇವ್ರು ಹೇಳಿದ್ದು.”

“ನಾನೆಲ್ಲಿ ಕಂಡಿದ್ದೆ?” ಎಂದ ಕ್ಷೌರಿಕ. “ಹೋದ ವರ್ಷ ಗಡ್ಡ ಮಾಡಿಸ್ಕೊಳ್ತಾ ಸಾಹೇಬ್ರೇ ಹೇಳಿದ್ರಲ್ಲ! ಕಲ್ಲು, ಬುಗ್ಗೆ, ಎಲ್ಲಾ. ಬಾಯ್ತುಂಬ ಸೋಪಿದ್ರೂ ಏನ್ ಚೆನ್ನಾಗಿ ಹೇಳಿದ್ರಿ ಸಾರ್!”

ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಪುಸ್ತಕದಲ್ಲಿ ಬುಗ್ಗೆ ಅಂತ ಓದಿ, ನಾನು ಬಾಯಿಗೆ ಬಂದಂಗೆ ಹೇಳಿದ್ದು ನಿಜಾನೇ ಆಯ್ತಲ್ಲ ಅಂದ್ಕೊಂಡಿದ್ದೆ...” ಎಂದು ಗೊಣಗಿದರು.

ಸುಮ್ಮನಿದ್ದರೆ ಆಗುತ್ತಿತ್ತು. ಗುಮಾಸ್ತ ಸುಮ್ಮನಿರಲಿಲ್ಲ. “ಹಾಗಾದ್ರೆ ನೀವೂ ನಡೆದಿಲ್ವಾ ಸಾರ್?” ಎಂದು ಕೇಳಿಯೇಬಿಟ್ಟ. ಸಾಹೇಬರು ಟೋಪಿ ಹಾಕಿಕೊಂಡು, ಹಿಂದೆ ತಿರುಗಿ ನೋಡದೆ ಹೊರಟುಹೋದರು.

ಮರುದಿನ ಮೇಜಿನ ಮೇಲೆ ಆರ್ಡರು ಕಾದಿತ್ತು. ಸಹಿ ಬಿದ್ದಿತ್ತು! ಖಾಯಂ! ಗುಮಾಸ್ತ ಮುಂದೆ ಓದುವ ಮೊದಲೇ ಟೈಪಿಸ್ಟ್ ಅಕ್ಕ ಕಾಗದ ಕಿತ್ತುಕೊಂಡು ಓದಿದಳು. “ಇವರನ್ನು ಖಾಯಂಗೊಳಿಸಿ, ಏಳನೇ ಕಲ್ಲಿನ ಬಳಿಯ ಹೊಸ ಮಾಹಿತಿ ಕೇಂದ್ರಕ್ಕೆ ನೇಮಿಸಲಾಗಿದೆ. ನಾಳೆ ಬೆಳಗ್ಗೆ ಹತ್ತಕ್ಕೆ ಅಲ್ಲಿ ಹಾಜರಾಗದಿದ್ದರೆ ಆದೇಶ ರದ್ದು.”

ಗುಮಾಸ್ತ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ.

“ಅಯ್ಯೋ, ಯಾಕ್ರೀ ಹಿಂಗೆ ಬೆವರ್ತೀರ?” ಎಂದಳು ಟೈಪಿಸ್ಟ್ ಅಕ್ಕ. “ದಾರಿ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ!”