ಅಂತಿಮ ನೆನಪೋಲೆ ಆದ ಮ್ಯಾಲ

ಬೀದರದ ಶಿಕ್ಷಣ ಆಫೀಸಿನ್ಯಾಗ ಕೂತು ಜಿಲ್ಲಾದ ಸಾಲಿ ಮುಖ್ಯಗುರುಗಳಿಗಿ ನೆನಪು ಮಾಡೋದೇ ನನ್ನ ನೌಕರಿ. ಮನ್ಯಾಗ ಹಾಲಿಗಿ ಹೆಪ್ಪು ಹಾಕೋದು ಮರೀತೇನಿ, ಆದರ ಯಾವ ಸಾಲಿಯ ಯಾವ ವರದಿ ಬಂದಿಲ್ಲ ಅಂತ ನಿದ್ದಿಗಣ್ಣಿನ್ಯಾಗ ಕೇಳಿದ್ರೂ ಹೇಳ್ತೇನಿ. ಮೊದಲ ಒಂದು ನೆನಪೋಲೆ ಕಳಸ್ತೇವಿ. ಉತ್ತರ ಬರಲಿಲ್ಲಂದ್ರ ಎರಡನೇದು. ಆಮ್ಯಾಲ ಅಂತಿಮ ನೆನಪೋಲೆ. ಅದಕ್ಕೂ ಬರಲಿಲ್ಲಂದ್ರ ಮತ್ತೊಂದು ಅಂತಿಮ ನೆನಪೋಲೆ. ನಮ್ಮ ಆಫೀಸಿನ್ಯಾಗ ಅಂತಿಮಕ್ಕ ಅಂತ್ಯ ಇಲ್ಲ. ಇಂಥಾದ್ರಾಗ ನಗೋ ಸಂಗತಿ ಹುಡುಕ್ಕೊಂಡು ಹೋಗಬೇಕಾಗಿಲ್ಲ, ಅವೇ ಫೋನ್ ಹಚ್ಚತಾವ.

ಈ ಸಲ ವರ್ಗಾವಣೆ ಕಾಲಕ್ಕ ನಮ್ಮ ಸಾಹೇಬ್ರು ಒಂದು ಹುಕುಂ ಹೊರಡ್ಸಿದ್ರು. ಯಾರದರ ಒಂದು ವರದಿ ಇಲ್ಲಾ ಒಂದು ನೋಟಿಸು ಬಾಕಿ ಅದ ಅಂದ್ರ ಅವರ ಹೆಸರು ವರ್ಗಾವಣೆ ಪಟ್ಟ್ಯಾಗ ಇರಂಗಿಲ್ಲ. ಹುಕುಂ ಹೊಂಟಿದ್ದೇ ತಡ, ಇಷ್ಟು ದಿನ ನಾನು ಯಾರಿಗಿ ನೆನಪು ಮಾಡ್ತಿದ್ದೆನೋ ಅವರೆಲ್ಲಾ ನನಗ ನೆನಪು ಮಾಡ್ಲಾಕ ಹತ್ತಿದ್ರು.

ಎಲ್ಲಾರಕಿಂತ ಹೆಚ್ಚಿಗಿ ಫೋನ್ ಹಚ್ಚಾಕಿ ಔರಾದ ತಾಲೂಕಿನ ಒಬ್ಬ ಮುಖ್ಯಗುರು ಬಾಯಿ. ಡಾಬಕಾ ದಾಟಿ, ಮಹಾರಾಷ್ಟ್ರದ ಗಡಿಗಿ ಹತ್ತಿದ ಒಂದು ಹಳ್ಳ್ಯಾಗ ಆಕಿ ಸಾಲಿ. ಮನಿ ಇಲ್ಲಿ ಬೀದರದ ಚಿದ್ರಿ ಓಣ್ಯಾಗ. ಗಂಡ, ಮಗಳು, ಕಾಲು ಮುರಕೊಂಡು ಮಲಗಿದ ಅತ್ತಿ ಎಲ್ಲಾ ಇಲ್ಲೇ. ಆಕಿ ಮಾತ್ರ ವಾರಾ ಪೂರ್ತಿ ಔರಾದದಾಗ ಬಾಡಿಗಿ ಖೋಲ್ಯಾಗ. ವರ್ಷಗಟ್ಟಲೆ ಕಾದು, ಈ ಸಲ ಬೀದರಕ್ಕ ಬರೋ ಪಾಳಿ ಬಂದಿತ್ತು.

"ಅಕ್ಕಾರ, ನಂದೇನರ ಬಾಕಿ ಅದನರಿ?" ಅಂತ ದಿನಾ ಕೇಳಾಕಿ.

"ಏನಿಲ್ರಿ ಬಾಯಾರ, ಆರಾಮ ಇರ್ರಿ" ಅಂತ ದಿನಾ ನಾ ಹೇಳಾಕಿ. ಆಕಿಗಿ ಆರಾಮ ಅಂತೂ ಇರ್ತಿದ್ದಿಲ್ಲ.

ಶೂನ್ಯ ವರದಿ

ಸಾಲಿ ಆವರಣದಾಗ ಹಾವು ಕಚ್ಚಿದ ಪ್ರಕರಣ ಎಷ್ಟು ಅಂತ ಮ್ಯಾಲಿನವರು ಒಂದಿನ ಕೇಳಿದ್ರು. ಸಂಜಿ ಐದರೊಳಗ ವರದಿ ಬೇಕು. ಕಚ್ಚಿಲ್ಲಂದ್ರ "ಕಚ್ಚಿಲ್ಲ" ಅಂತ ಶೂನ್ಯ ವರದಿ ಕಳಸ್ಲೇಬೇಕು. ಏನೂ ಆಗಿಲ್ಲಂತ ಬರದು ಕೊಡೋತನಕ, ನಮ್ಮ ಆಫೀಸಿನ ಲೆಕ್ಕದಾಗ ಏನೋ ಆಗ್ಯದ ಅಂತಲೇ ಅರ್ಥ.

ಎಲ್ಲಾ ಬಂದು, ಭಾಲ್ಕಿ ತಾಲೂಕಿನ ಸಾಯಗಾಂವ ಕಡಿಯ ಒಬ್ಬ ಮುಖ್ಯಗುರುಗಳದು ಒಂದೇ ಉಳೀತು. ನಾಕೂವರಿಗಿ ನಾನೇ ಫೋನ್ ಹಚ್ಚಿದೆ.

"ಸರ್, ಜಲ್ದಿ ಒಂದು ಶೂನ್ಯ ಕಳಸ್ರಿ. ನಿಮ್ಮೊಬ್ಬರದೇ ಬಾಕಿ."

"ಕಳಸ್ತಿದ್ದೆ ಮೇಡಂರಿ. ಆದರ ಹಾವು ಬಂದದ."

"ಕಚ್ಚ್ಯದೇನು?"

"ಇನ್ನಾ ಇಲ್ರಿ. ಅದಕ್ಕೇ ಕೇಳ್ತೇನಿ, ಈಗೇ ಶೂನ್ಯ ಅಂತ ಕಳಸ್ಲೋ, ಐದರ ತನಕ ದಾರಿ ನೋಡ್ಲೋ?"

"ಅಯ್ಯಯ್ಯ! ಎಲ್ಲ್ಯದರಿ ಅದು?"

"ನನ್ನ ಟೇಬಲ್ ಕೆಳಗ."

"ಮತ್ತ ನೀವು?"

"ಟೇಬಲ್ ಮ್ಯಾಲ ನಿಂತೇನ್ರಿ. ಮೇಡಂ, ಏನರ ಆಗ್ಲಿ, ಪಟ್ಟ್ಯಾಗಿಂದ ನನ್ನ ಹೆಸರು ಮಾತ್ರ ತೆಗೀಬ್ಯಾಡ್ರಿ."

ಕೊಟ್ಟಾವ, ತಗೊಂಡಾವ

ಮುಖ್ಯಗುರುಗಳು ಅರ್ಧಾ ದಿನ ರಜಾ ಹೋದ್ರೂ ಪ್ರಭಾರ ಯಾರಿಗರ ಕೊಟ್ಟು ಹೋಗಬೇಕು. ಕೊಟ್ಟವರ ಸಹಿ ಒಂದು ಕಡಿ, ತಗೊಂಡವರ ಸಹಿ ಇನ್ನೊಂದು ಕಡಿ. ಪದ್ಧತಿ ಚಲೋನೇ ಅದ. ಆದರ ಏಕೋಪಾಧ್ಯಾಯ ಸಾಲ್ಯಾಗ? ಅಲ್ಲಿ ಮುಖ್ಯಗುರು ಅವನೇ, ಮಾಸ್ತರ ಅವನೇ, ಗಂಟಿ ಬಾರಸಾವ ಅವನೇ.

ಅಂಥಾ ಒಬ್ಬ ಮಾಸ್ತರ ಔರಾದ ಕಡಿಯಿಂದ ಪ್ರಭಾರ ಪತ್ರ ಕಳಸಿದ. ಎರಡೂ ಕಡಿ ಅವನದೇ ಸಹಿ. ಸಾಹೇಬ್ರು ಕೆಂಪು ಪೆನ್ನಿನ್ಯಾಗ ಬರದ್ರು: "ಇಬ್ಬರ ಸಹಿ ಒಂದೇ ನಮೂನಿ ಯಾಕ?" ಕಳಸಿದೆ. ಉತ್ತರ ಬಂತು: "ಇಬ್ಬರೂ ಭಾಳ ವರ್ಷ ಜೋಡೀಲೆ ಕೆಲಸ ಮಾಡಿದ್ದಕ್ಕ."

ಸಾಹೇಬ್ರು ತಲಿ ಅಲ್ಲಾಡ್ಸಿ ಒಪ್ಪಿಕೊಂಡ್ರು. ಒಪ್ಪಿಕೊಂಡು ಮತ್ತ ಬರದ್ರು: "ಪ್ರಭಾರ ಸೇವಾ ಹಿರಿತನದ ಪ್ರಕಾರ ಕೊಟ್ಟದ್ದು ಅದನೋ ಇಲ್ಲೋ?" ಈ ಸಲ ನನಗೇ ಬ್ಯಾಸರಾಗಿ ಫೋನ್ ಹಚ್ಚಿದೆ.

"ಮಾಸ್ತರ, ಕೊಟ್ಟಾವ ಹಿರಿಯನೋ, ತಗೊಂಡಾವ ಹಿರಿಯನೋ?"

ಆ ಮನಷ್ಯಾ ಜರಾನೂ ತಡಬಡಿಸಲಿಲ್ಲ. "ತಗೊಂಡಾವನೇ ಹಿರಿಯ ಅಂತ ಬರೀರಿ ಮೇಡಂ. ಕೊಟ್ಟು ತಗೊಳ್ಳೋದ್ರಾಗ ಒಂದು ಮಿನಿಟು ವಯಸ್ಸಾಗ್ಯದ."

ಬೀಗ ಹಾಕಿದ ಗ್ರೂಪು

ವಾಟ್ಸಾಪ್ ಗ್ರೂಪಿನ್ಯಾಗ ಸಾಹೇಬ್ರು ಒಂದು ಸೂಚನಾ ಹಾಕಿದ್ರ ಸಾಕು, ಮುಖ್ಯಗುರುಗಳೆಲ್ಲ ಕೈ ಮುಗಿಯೋ ಚಿತ್ರ ಹಾಕಿ ಹಾಕಿ ಸೂಚನಾನೇ ಮುಚ್ಚಿಬಿಡ್ತಿದ್ರು. ಬ್ಯಾಸತ್ತು ಸಾಹೇಬ್ರು ಗ್ರೂಪಿಗಿ ಬೀಗ ಹಾಕ್ಸಿದ್ರು. ಅಂದ್ರ, ಅವರೊಬ್ಬರೇ ಬರೀಬೇಕು, ಉಳಿದವರು ಓದಬೇಕು. ಮರುದಿನ ಅದ್ರಾಗೇ ಬರದ್ರು: "ನಿಮ್ಮ ಸಾಲ್ಯಾಗ ಕುಡಿಯೋ ನೀರು ಅದನೋ ಇಲ್ಲೋ, ಎಲ್ಲಾರೂ ಈಗಿಂದೀಗ ಇಲ್ಲೇ ಉತ್ತರ ಕೊಡಬೇಕು."

ತಾಸು ಕಳೀತು. ಗ್ರೂಪು ಗಪ್‌ಚುಪ್.

"ನೋಡ್ರಿ ಬಾಯಾರ, ಒಬ್ಬರಿಗರ ನನ್ನ ಕಿಮ್ಮತ್ತು ಅದನ? ಎಲ್ಲಾರಿಗೂ ಅಂತಿಮ ನೆನಪೋಲೆ ಹೊಡೀರಿ!" ಅಂತ ಸಾಹೇಬ್ರು ನನ್ನ ಮುಂದ ಒದರಿದ್ರು.

ಬೀಗದ ಮಾತು ಹೇಳೋಣಂತ ಬಾಯಿ ತೆರದೆ. "ನಡುವ ಮಾತಾಡಬ್ಯಾಡ್ರಿ" ಅಂದ್ರು. ನನಗೇನು, ಹೊಡದೆ.

ಸಂಜೀಕ ಬೀದರ ಶಹರದ ಒಂದು ಉರ್ದು ಸಾಲಿಯ ಮುಖ್ಯಗುರುಗಳು ಸ್ಕೂಟರ್ ಹೊಡಕೊಂಡು ಬಂದ್ರು. ಅವರಿಗೂ ಪಟ್ಟಿ ಚಿಂತಿ. ಸಿಟ್ಟು ಬಂದ್ರ ಅವರು ಸೀದಾ ದಖನಿಗಿ ಇಳೀತಾರ. "ಸಾಹಬ್, ಮೂಂ ಕು ತಾಲಾ ಆಪೀಚ್ ಡಾಲೇ, ಅಬ್ ಬಾತ್ ಕೈಕು ನೈ ಕರ್ತೇ ಬೋಲ್ಕೆ ಆಪೀಚ್ ಪೂಛ್ ರೈಂ!" ಬಾಯಿಗಿ ಬೀಗ ಜಡದವರೂ ನೀವೇ, ಯಾಕ ಮಾತಾಡಂಗಿಲ್ಲ ಅನ್ನೋರೂ ನೀವೇ ಅಂತ ಅವರ ತಕರಾರು.

ಸಾಹೇಬ್ರು ಮಾರಿ ಸಣ್ಣದು ಮಾಡ್ಕೊಂಡು ಬೀಗ ತೆಗಸಿದ್ರು. ತೆಗದ ಮಿನಿಟಿಗೇ ಮೊದಲನೇ ಉತ್ತರ ಬಂತು. ಹೊತ್ತು ಮುಳಗೋ ಟೈಮಿನ್ಯಾಗ ಗುಲಾಬಿ ಹೂವಿನ ಚಿತ್ರ, ಕೆಳಗ "ಶುಭೋದಯ".

ಗಡಿ ಆಚಿಗಿ

ವರ್ಗಾವಣೆ ನಾಕು ದಿನ ಇರೋವಾಗ ಹೊಸಾದೊಂದು ಪದ್ಧತಿ ಬಂತು. ಮುಖ್ಯಗುರುಗಳು ದಿನಾ ಮುಂಜಾನಿ ಸಾಲಿ ಬೋರ್ಡಿನ ಮುಂದ ನಿಂತು, ಮೊಬೈಲಿನ ಜಿಪಿಎಸ್ ಕ್ಯಾಮೆರಾದಾಗ ಫೋಟೊ ತಗದು ಗ್ರೂಪಿಗಿ ಹಾಕಬೇಕು. ಊರು, ರಾಜ್ಯ ಎಲ್ಲಾ ಫೋಟೊದ ಕೆಳಗ ತಾನೇ ಬೀಳ್ತದ. ಸಾಲಿ ನೋಡ್ಲಾಕ ಹೋದ ಅಧಿಕಾರಿಗಳೂ ಹಾಂಗೇ ಹಾಕಬೇಕು.

ಗಡಿಯಾಗಿನ ನಮ್ಮ ಬಾಯಿ ಬರಾಬರ್ ಟೈಮಿಗಿ ಫೋಟೊ ಹಾಕಿದಳು. ಹಿಂದ ಕನ್ನಡ ಬೋರ್ಡು, ಮುಂದ ನಗುಮಾರಿ, ಕೆಳಗ "ಮಹಾರಾಷ್ಟ್ರ". ಅಲ್ಲಿ ಗಡಿ ಅಂದ್ರ ಸಾಲಿ ಹಿಂದಿನ ತೊಗರಿ ಹೊಲದ ಬದು. ಊರಾಗಿನ ಎಮ್ಮಿಗೂ ಅದು ಗೊತ್ತದ, ಫೋನಿಗಿ ಗೊತ್ತಿಲ್ಲ. ಮರುದಿನಾನೂ ಮಹಾರಾಷ್ಟ್ರಾನೇ ಬಿತ್ತು.

"ಡ್ಯೂಟಿ ಟೈಮಿನ್ಯಾಗ ಪರವಾನಗಿ ಇಲ್ದೆ ಹೊರರಾಜ್ಯಕ್ಕ ಹೋಗ್ಯಾರ. ನೋಟಿಸು ಕೊಡ್ರಿ" ಅಂದ್ರು ಸಾಹೇಬ್ರು. ನೋಟಿಸು ಟೈಪ್ ಮಾಡಿದಾಕಿ ನಾನೇ. ಪಟ್ಟ್ಯಾಗಿಂದ ಆಕಿ ಹೆಸರು ತೆಗದಾಕೀನೂ ನಾನೇ.

ಫೋನ್ ಬಂತು. "ಅಕ್ಕಾರ, ಬೋರ್ಡು ಕನ್ನಡದ್ದು, ಹಾಜರಿ ಕನ್ನಡದಾಗ, ಹುಡುಗರು ಅ ಆ ಇ ಈ ಒದರ್ಲಾಕತ್ತಾರ, ಕೇಳ್ರಿ ಬೇಕಾದ್ರ. ನಾ ಯಾವ ಮಹಾರಾಷ್ಟ್ರಕ್ಕ ಹೋಗಿನ್ರಿ? ಬರೋ ತಿಂಗಳದಿಂದ ಮನ್ಯಾಗೇ ಇರ್ತೇನಿ ಅಂತ ಮಗಳಿಗಿ ಹೇಳೀನ್ರಿ..." ಅಂತ ಅಳಕೋತ ಫೋನ್ ಇಟ್ಟಳು. ಖರೇ ಹೇಳ್ತೇನಿ, ಇಷ್ಟು ವರ್ಷ ಮಂದಿಗಿ ನೋಟಿಸು ಹೊಡದೀನಿ, ಅವತ್ತಿನಷ್ಟು ಕೆಟ್ಟ ಎಂದೂ ಅನಿಸಿದ್ದಿಲ್ಲ.

ಎದ್ದು ಸಾಹೇಬ್ರ ಮುಂದ ನಿಂತೆ. "ಸರ್, ಸಾಲಿ ಎಲ್ಲಿತ್ತೋ ಅಲ್ಲೇ ಅದ. ಮಷೀನೇ ತಪ್ಪು ಹೇಳ್ತದ."

"ಮಷೀನ್ ಸುಳ್ಳು ಹೇಳಂಗಿಲ್ಲ ಬಾಯಾರ, ಮನುಷ್ಯಾರು ಹೇಳ್ತಾರ. ನಾನೇ ಹೋಗಿ ನೋಡ್ತೇನಿ" ಅಂತ ಜೀಪು ಹತ್ತಿದ್ರು.

ಮಧ್ಯಾಹ್ನ ಗ್ರೂಪಿನ್ಯಾಗ ಸಾಹೇಬ್ರ ಫೋಟೊ ಬಂತು. ಅದೇ ಬೋರ್ಡಿನ ಮುಂದ ಎದಿ ಉಬ್ಬಿಸಿ ನಿಂತಾರ. ಮಾರಿ ಚಂದ ಬಂದದೋ ಇಲ್ಲೋ ನೋಡಿ ಹಾಕ್ಯಾರ, ಕೆಳಗಿಂದು ಓದಿಲ್ಲ. ಕೆಳಗ "ಮಹಾರಾಷ್ಟ್ರ".

ಯಾವತ್ತೂ ಬಾಯಿ ಮುಚ್ಚದ ಗ್ರೂಪಿನ್ಯಾಗ ಒಂದು ಕೈ ಮುಗಿಯೋ ಚಿತ್ರಾನೂ ಬೀಳಲಿಲ್ಲ. ಅಷ್ಟರಾಗ ಅದೇ ಗ್ರೂಪಿನ್ಯಾಗಿದ್ದ ಮ್ಯಾಲಿನ ಆಫೀಸಿನ ದೊಡ್ಡ ಸಾಹೇಬ್ರು ಬರದ್ರು: "ಪೂರ್ವಾನುಮತಿ ಇಲ್ಲದೆ ಹೊರರಾಜ್ಯಕ್ಕೆ ಯಾಕೆ ಹೋಗಿದ್ದೀರಿ? ನೀವು ಕರ್ನಾಟಕದಲ್ಲೇ ಇದ್ದಿರಿ ಎಂಬುದಕ್ಕೆ ಆ ಶಾಲೆಯ ಮುಖ್ಯಗುರುಗಳಿಂದ ದೃಢೀಕರಣ ಪತ್ರ ಪಡೆದು ಸಂಜೆಯೊಳಗೆ ಕಳಿಸಿ."

ಹತ್ತು ಮಿನಿಟಿನ್ಯಾಗ ನನ್ನ ಫೋನ್ ರಿಂಗಾಯ್ತು. ಸಾಹೇಬ್ರೇ. ದನಿ ನೆಲಕ್ಕ ಹತ್ತಿತ್ತು.

"ಬಾಯಾರ, ಈಕಿ ಪತ್ರ ಬರದು ಕೊಡಂಗಿಲ್ಲ ಅಂತಾಳ. ನೀವರ ಜರಾ ಹೇಳ್ರಿ."

ಫೋನ್ ಆಕಿ ಕೈಗಿ ಹೋಯ್ತು. ಆ ಕಡಿ ಅಳೂ ಇಲ್ಲ, ಅಂಜಿಕೀನೂ ಇಲ್ಲ.

"ಕೊಡಂಗಿಲ್ಲ ಅಂದಿಲ್ರಿ ಅಕ್ಕಾರ. ನಾ ಕೊಟ್ರ ನಡೀತದೇನು ಅಂತ ಕೇಳೀನಿ. ನೋಟಿಸು ಇರೋತನಕ ನಿಮ್ಮ ಲೆಕ್ಕದಾಗ ನಾ ಮಹಾರಾಷ್ಟ್ರದಾಗ ಅದೀನಲ್ರಿ? ಮಹಾರಾಷ್ಟ್ರದಾಗ ನಿಂತು 'ಸಾಹೇಬ್ರು ಕರ್ನಾಟಕದಾಗ ಅದಾರ' ಅಂತ ಹ್ಯಾಂಗ್ ಬರೀಲಿ? ಸುಳ್ಳು ದೃಢೀಕರಣ ಕೊಟ್ಟೆ ಅಂತ ಇನ್ನೊಂದು ನೋಟಿಸು ಬರಂಗಿಲ್ಲೇನು?"

ನನಗ ನಗು ಬಂದು ಸೆರಗು ಬಾಯಿಗಿ ಒತ್ತಿಕೊಂಡೆ. ಆ ಕಡಿ ಸಾಹೇಬ್ರು ಫೋನ್ ಕಸಗೊಂಡ್ರು.

"ಬಾಯಾರ, ಆ ನೋಟಿಸು ರದ್ದು ಮಾಡ್ರಿ, ಹೆಸರು ಪಟ್ಟ್ಯಾಗ ಸೇರಸ್ರಿ, ಈಗಿಂದೀಗ! ಮೊದಲ ನೀವು ಈಕಿಗಿ ಕರ್ನಾಟಕದಾಗ ತಗೊಳ್ರಿ, ಆಮ್ಯಾಲ ಈಕಿ ನನಗ ತಗೋತಾಳ!"