ಶೇಂಗಾ ಸುಲಿಯುವ ಸದ್ದಿನ ಕೀಬೋರ್ಡ್ ಅವರ ಸನ್ನಿಧಿಗೆ

ಮಾನ್ಯರೇ, ಮಹಾಮಾನ್ಯರೇ, ನಮ್ಮ ಕೋಣೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಸಿಂಹಾಸನವೇರಿದಂತೆ ಕೂತಿರುವ ಮೆಕ್ಯಾನಿಕಲ್ ಕೀಬೋರ್ಡ್ ಅವರೇ,

ಆದಿವಾಲದ ಹೊಸ ಸೊಸೆ ಸ್ವಾತಿ ತಮಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದನ್ನು ಬರವಣಿಗೆಯ ಮಟ್ಟಿಗೆ ಮಾತ್ರ ಸ್ವೀಕರಿಸಬೇಕು. ನಿಜವಾಗಿ ಬಗ್ಗೋಣವೆಂದರೆ ಕುತ್ತಿಗೆ, ಹೆಗಲು, ಮಣಿಕಟ್ಟು ಮೂರೂ ತಮ್ಮ ದಯೆಯಿಂದ ಒಟ್ಟಾಗಿ ಮುಷ್ಕರ ಹೂಡಿವೆ. ತಾವು ಕ್ಷೇಮವೆಂದು ಬಲ್ಲೆ. ತಮ್ಮ ಮೈಮೇಲೆ ಧೂಳು ಕೂರದಂತೆ ನನ್ನ ಯಜಮಾನರು ದಿನಾ ಬೆಳಿಗ್ಗೆ ಮೆತ್ತನೆಯ ಬ್ರಷ್ಷಿನಿಂದ ತಮ್ಮ ಬೆನ್ನು ಸವರುವುದನ್ನು ನಾನು ಆರಿದ ಕಾಫಿ ಹಿಡಿದುಕೊಂಡು ಕಣ್ಣಾರೆ ನೋಡುತ್ತಿದ್ದೇನೆ.

ಈ ದೂರನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ತಮ್ಮ ಮೇಲಿನ ದೂರನ್ನು ತಮ್ಮ ಮೈಮೇಲೆಯೇ ಕುಟ್ಟುವುದು ಸಭ್ಯತೆಯಲ್ಲ. ಚಿತ್ರದುರ್ಗದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿದ ನನಗೆ ಕನ್ನಡದಲ್ಲಿ ಕಲಿಸಿದ ಪತ್ರ ಒಂದೇ, ಜ್ವರ ಬಂದಿದೆ ರಜೆ ಕೊಡಿ ಎಂಬುದು. ಆದ್ದರಿಂದ ನಡುನಡುವೆ ಇದು ರಜೆ ಅರ್ಜಿಯಂತೆ ಕೇಳಿಸಿದರೆ ದಯವಿಟ್ಟು ಹಾಗೆಯೇ ತಿಳಿದು, ತಾವೇ ರಜೆಯ ಮೇಲೆ ಹೋಗಬಹುದು.

ತಾವು ಈ ಮನೆಗೆ ಬಂದ ದಿನ ನಾನೆಷ್ಟು ಕುಣಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಹಿರಿಯೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಕೊಟ್ರೇಶ್, ಅಂದರೆ ಲೋಕದಲ್ಲೇ ಅತ್ಯಂತ ಒಳ್ಳೆಯ ಗಂಡ, ಮದುವೆಯಾದ ಮೇಲೆ ತಂದ ಮೊದಲ ಉಡುಗೊರೆ ತಾವು. ಲ್ಯಾಪ್‌ಟಾಪ್ ಕುಟ್ಟಿ ಕೆಲಸದ ಪರೀಕ್ಷೆಗೆ ಅಭ್ಯಾಸ ಮಾಡುವಾಗ ಕೈ ನೋಯುತ್ತದೆ ಎಂದು ನಾನು ಒಮ್ಮೆ ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡು ತಂದಿದ್ದರು. ಭಾರದ ಡಬ್ಬಿ ನೋಡಿ ನಾನು ಬೆಳ್ಳಿ ದೀಪ ಎಂದುಕೊಂಡೆ, ಅತ್ತೆ ಮಿಕ್ಸಿ ಎಂದುಕೊಂಡರು. ಒಳಗಿನಿಂದ ತಾವು ಹೊರಬಂದಿರಿ. ಇವರು ಒಂದು ಕೀ ಒತ್ತಿ, ಕಣ್ಣು ಮುಚ್ಚಿ, "ಕೇಳು ಸ್ವಾತಿ, ಹೆಂಗೈತೆ ಸದ್ದು!" ಎಂದರು. ತಾಳಿ ಕಟ್ಟುವಾಗಲೂ ಆ ಮುಖದಲ್ಲಿ ಅಂಥ ಭಕ್ತಿ ನಾನು ಕಂಡಿರಲಿಲ್ಲ.

ತಮ್ಮ ಎತ್ತರದ ಬಗ್ಗೆ ಏನೆಂದು ಹೊಗಳಲಿ? ಬೇರೆಯವರು ಮೇಜಿನ ಮೇಲೆ ಮಲಗಿರುತ್ತಾರೆ, ತಾವು ಮೇಜಿನ ಮೇಲೆ ಎದ್ದು ನಿಂತಿದ್ದೀರಿ. ಅಂಗೈ ಊರಿದರೆ ಮಣಿಕಟ್ಟು ಮುರಿದ ರೆಂಬೆಯಂತೆ ಹಿಂದಕ್ಕೆ ಬಾಗುತ್ತದೆ. ಎತ್ತಿ ಹಿಡಿದರೆ ಹೆಗಲು ಹೊರೆ ಹೊತ್ತಂತೆ ಆಗುತ್ತದೆ. ಕೈಗೆ ಆಸರೆಯಾಗಿ ಮುಂದೆ ಇಡುವ ತಮ್ಮ ಪ್ರಖ್ಯಾತ ಅಂಗೈ ದಿಂಬು ತಮ್ಮ ಜೊತೆ ಬರಲಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕಂತೆ. ವರ ಬಂದ, ಕುದುರೆಯನ್ನು ಬೇರೆಯಾಗಿ ತರಿಸಿಕೊಳ್ಳಿ ಎಂದ ಹಾಗೆ.

ಇವರು ವಿಡಿಯೋಗಳನ್ನು ನೋಡಿ ನನ್ನ ಕೈ ಇಡುವ ಭಂಗಿಯನ್ನು ಸರಿಪಡಿಸಲು ಪಣ ತೊಟ್ಟರು. ಮದುವೆಯಾದ ಹೊಸದರಲ್ಲಿ ಗಂಡ ಮೊಣಕೈ ಹಿಡಿದರೆ ಹೆಂಡತಿ ಏನೇನೋ ಅಂದುಕೊಳ್ಳುತ್ತಾಳೆ. ಇವರು ಶಾಲೆಯ ಕಾಲದ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದು ಮೊಣಕೈಗೆ ಹಿಡಿದು, "ತೊಂಬತ್ತು ಡಿಗ್ರಿ ಇರ್ಬೇಕು, ಸ್ವಲ್ಪ ಇಳಿಸು" ಎಂದರು. ಇಳಿಸಿದೆ. ಕುರ್ಚಿಯ ಮೇಲೆ ಊಟದ ಮಣೆ ಇಟ್ಟು ಅದರ ಮೇಲೆ ನನ್ನನ್ನು ಕೂರಿಸಿದರು. ಈಗ ಕಾಲು ನೆಲಕ್ಕೆ ಮುಟ್ಟಲಿಲ್ಲ. ಕಾಲ ಕೆಳಗೆ ಅಕ್ಕಿ ಡಬ್ಬ ಬಂತು. ಅತ್ತೆ ಅನ್ನಕ್ಕೆ ಅಕ್ಕಿ ತೆಗೆಯಲು ಬಂದಾಗಲೆಲ್ಲ ನಾನು ಕಾಲು ಎತ್ತಿ ಗಾಳಿಯಲ್ಲಿ ಟೈಪ್ ಮಾಡಬೇಕಾಯಿತು.

ಇದೆಲ್ಲದರ ನಡುವೆ ನನ್ನ ಬಳೆಗಳು. ಈ ಮನೆಯಲ್ಲಿ ಮದುವೆಯ ಹಸಿರು ಗಾಜಿನ ಬಳೆಗಳನ್ನು ಸೊಸೆ ಮೊದಲ ಪಂಚಮಿಗೆ ತವರಿಗೆ ಹೋಗುವವರೆಗೆ ಕಳಚುವಂತಿಲ್ಲ. ಎರಡೂ ಕೈ ತುಂಬ ಬಳೆ ಇರುವವಳೊಬ್ಬಳು ತಮ್ಮ ಮುಂದೆ ಕೂತಾಳು ಎಂಬ ಯೋಚನೆ ತಮ್ಮನ್ನು ತಯಾರಿಸಿದ ಮಹನೀಯರಿಗೆ ಕನಸಿನಲ್ಲೂ ಬಂದಿಲ್ಲವೆಂದು ಕಾಣುತ್ತದೆ. ಮೇಜಿನ ಅಂಚಿಗೂ ನನ್ನ ಮೂಳೆಗೂ ನಡುವೆ ಸಿಕ್ಕ ಬಳೆಗಳು ಬಿಟ್ಟ ಗೆರೆಗಳನ್ನು ನೋಡಿ ಅತ್ತೆ ಮರುಳಸಿದ್ದಮ್ಮನವರು ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಾಲ್ಕು ಹರಳು ಉಪ್ಪು ತಮ್ಮ ಹೊಟ್ಟೆಗೂ ಬಿತ್ತು. ತಾವು ಈ ಮನೆಯ ಉಪ್ಪು ತಿಂದವರು ಎಂಬುದನ್ನು ಮುಂದಿನ ಸಂಗತಿ ಓದುವಾಗ ನೆನಪಿನಲ್ಲಿಡಬೇಕು.

ತಮ್ಮ ಕೀಗಳ ಕೆಳಗಿರುವುದು ನೀಲಿ ಸ್ವಿಚ್ಚಂತೆ. ಒತ್ತಿದರೂ ಟಕ್, ಬಿಟ್ಟರೂ ಟಕ್. ಮುಂಗಾರು ಬಿತ್ತನೆಯ ಸಮಯದಲ್ಲಿ, ಮನೆಮನೆಯಲ್ಲೂ ಬೀಜದ ಶೇಂಗಾ ಸುಲಿಯುವ ಹೊತ್ತಿನಲ್ಲಿ, ತೆರೆದ ಕಿಟಕಿಯಿಂದ ಈ ಟಕಟಕ ಬೀದಿಗೆ ಹೋದರೆ ಏನಾಗುತ್ತದೆ ಎಂದು ತಾವು ಯೋಚಿಸಬೇಕಿತ್ತು. ಪಕ್ಕದ ಮನೆಯ ಪಾಲಮ್ಮನವರು ಕುರಿ ಮಂದೆ, ಇಬ್ಬರು ಸೊಸೆಯಂದಿರು ಮತ್ತು ಇಡೀ ಬೀದಿಯ ಸುದ್ದಿ ಮೂರನ್ನೂ ಒಟ್ಟಿಗೆ ಮೇಯಿಸಬಲ್ಲವರು. ಒಂದು ಬೆಳಿಗ್ಗೆ ಅವರು ನಮ್ಮ ಕಟ್ಟೆಯ ಮೇಲೆ ಕೂತು ಅತ್ತೆಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಸಿದ್ದಕ್ಕಾ, ನಿನ್ನ ಸೊಸೆ ಒಬ್ಬಳೇ ಒಳಗೆ ಕುಂತು ಶೇಂಗಾ ಸುಲೀತಾಳಲ್ಲೇ! ಆಗ್ಲಿಂದ ಕೇಳ್ತಿದೀನಿ, ಕೈ ನಿಲ್ಲಂಗೇ ಇಲ್ಲ. ನಮ್ಮನೇಲೂ ಅವೆ ಎಲ್ಡು, ಒಂದು ಬೊಗಸೆ ಸುಲಿಯೋದ್ರೊಳಗೆ ಎಲ್ಡು ಬೊಗಸೆ ತಿಂತಾವೆ."

ಅತ್ತೆ ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. "ಏನೋ ತಾಯಿ, ಅವ್ರಪ್ಪನ ಮನೇಲಿ ಹಂಗೆ ಬೆಳ್ಸವ್ರೆ" ಎಂದುಬಿಟ್ಟರು. ನನ್ನಪ್ಪ ದುರ್ಗದಲ್ಲಿ ಕನ್ನಡಕದ ಅಂಗಡಿ ಇಟ್ಟವರು. ನಮ್ಮ ಮನೆಗೆ ಶೇಂಗಾ ಬರುತ್ತಿದ್ದುದು ಹುರಿದು, ಪೊಟ್ಟಣದಲ್ಲಿ. ಆದರೆ ಅತ್ತೆಯನ್ನು ದೂರಲಾರೆ. ಮದುವೆಯ ಮಾರನೆಯ ವಾರ ನಲ್ಲಿಯ ಹತ್ತಿರ ಯಾರೋ, "ಇಂಗ್ಲಿಷ್ ಸೊಸೆ ಬಂದವ್ಳೆ, ಕಸಬರಿಕೆ ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತೈತೋ ಇಲ್ಲೋ" ಎಂದಿದ್ದರಂತೆ. ಆ ಮಾತು ಅವರ ಕಿವಿಯಲ್ಲಿ ಮುಳ್ಳಿನಂತೆ ಉಳಿದಿತ್ತು. ಆ ಮುಳ್ಳನ್ನು ತೆಗೆದವರು ತಾವು. ಅದರ ಕೂಲಿಯನ್ನು ಕೊಟ್ಟವಳು ನಾನು.

ಏಕೆಂದರೆ ಪಾಲಮ್ಮನವರು ಮಾರನೆಯ ದಿನ ಒಂದು ಚೀಲ ಶೇಂಗಾ ಹೊರಿಸಿಕೊಂಡು ಬಂದರು. "ಹೊಲ ಹದಕ್ಕೆ ಬಂದೈತೆ. ಮಿಶಿನ್ನಿಗೆ ಹಾಕಿದ್ರೆ ಬೀಜ ಒಡೀತವೆ. ನಿನ್ನ ಸೊಸೆ ಕೈ ಚುರುಕೈತೆ, ಇದನ್ನ ಒಂಚೂರು ಮುಗಿಸಿಕೊಡ್ಲಿ" ಎಂದರು. ನಾನೂ ಅತ್ತೆಯೂ ಬಾಗಿಲು ಹಾಕಿಕೊಂಡು ಸುಲಿಯಲು ಕೂತೆವು. ಆಗ ತಿಳಿಯಿತು, ನಿಜವಾಗಿ ಶೇಂಗಾ ಸುಲಿದರೆ ತಮ್ಮಷ್ಟು ಸದ್ದೇ ಆಗುವುದಿಲ್ಲ! ಅರ್ಧ ಗಂಟೆಯಲ್ಲಿ ಕಿಟಕಿಯಿಂದ ದನಿ ಬಂತು: "ಏನಮ್ಮ, ಸದ್ದೇ ಇಲ್ಲ? ಸೊಸೆ ಮಲಗಿದ್ಲೇನು?" ಅತ್ತೆ ಗಾಬರಿಯಿಂದ ಮಗನ ಕಡೆ ತಿರುಗಿ, "ಲೇ ಕೊಟ್ರಾ, ಏನು ನೋಡ್ತಾ ಕುಂತೀಯ, ಹೋಗಿ ಅದನ್ನ ಕುಟ್ಟು" ಎಂದು ಪಿಸುಗುಟ್ಟಿದರು. ಹೀಗೆ ಆ ಭಾನುವಾರ ಮಧ್ಯಾಹ್ನ ನಾವಿಬ್ಬರು ಮೌನವಾಗಿ ಶೇಂಗಾ ಸುಲಿದೆವು, ನನ್ನ ಗಂಡ ಒಳಗೆ ಕೂತು ಶೇಂಗಾ ಸುಲಿಯುವ ಸದ್ದನ್ನು ಟೈಪ್ ಮಾಡಿದರು. ತಮ್ಮ ಸೇವೆಯಲ್ಲಿ ಇಂಥ ಸುದಿನ ಮತ್ತೆ ಯಾವ ದೇಶದಲ್ಲೂ ಬಂದಿರಲಾರದು.

ಸಂಜೆಗೆ ನನ್ನ ಬಲಗೈ ಹೆಬ್ಬೆರಳು ಬೂರುಗದ ಕಾಯಿಯಂತೆ ಉಬ್ಬಿತು. ಮರುದಿನ ನನ್ನ ಪರೀಕ್ಷೆ. ಮದುವೆಗೆಂದು ದುರ್ಗದ ಕೆಲಸ ಬಿಟ್ಟು ಬಂದವಳು ನಾನು. ಬೆಂಗಳೂರಿನ ಕಂಪನಿಯೊಂದು ಮನೆಯಿಂದಲೇ ಟೈಪ್ ಮಾಡುವ ಕೆಲಸ ಕೊಡುವುದಾಗಿ ಹೇಳಿ, ವೇಗ ನೋಡಲು ಪರೀಕ್ಷೆ ಇಟ್ಟಿತ್ತು. ಒಂದೇ ಅವಕಾಶ. ಪಾಸಾದರೆ ಇಲ್ಲೇ ಕೂತು, ಇವರನ್ನು ನೋಡುತ್ತ, ನನ್ನದೇ ಕೆಲಸ ಮಾಡಬಹುದು. ಫೇಲಾದರೆ ಪಾಲಮ್ಮನವರ ಚೀಲವೇ ನನ್ನ ಕಾಯಂ ಹುದ್ದೆ. ಆದರೆ ಹೆಬ್ಬೆರಳಿಲ್ಲದೆ ತಮ್ಮ ಸ್ಪೇಸ್ ಬಾರ್ ಅಲುಗುವುದಿಲ್ಲವಲ್ಲ! ಅಭ್ಯಾಸಕ್ಕೆ ಕೂತರೆ ಪದಗಳೆಲ್ಲ ಜಾತ್ರೆಗೆ ಹೋದ ಮಕ್ಕಳಂತೆ ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾಗಿ ಬಂದವು. "ಎಡಗಡೆ ಹೆಬ್ಬೆರಳು ಐತಲ್ಲ" ಎಂದರು ಇವರು. ಅದು ಹುಟ್ಟಿದಾಗಿನಿಂದ ಸುಮ್ಮನೆ ಕೂತು ಸಂಬಳ ತಿನ್ನುವ ಬೆರಳು. ನನಗೆ ಅಳು ಬಂತು, ತಮ್ಮ ಮೇಲೆಯೇ ಬಿತ್ತು. ಇವರು ಮೊದಲು ತಮ್ಮನ್ನು ಒರೆಸಿದರು, ಆಮೇಲೆ ನನ್ನನ್ನು.

ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ ಹೋದರು. ಬೆಳಿಗ್ಗೆ ಬಂದು ಹೆಬ್ಬೆರಳಿಗೆ ಅರಿಶಿನ ಕಟ್ಟಿದರು. ನಂತರ ಸೆರಗಿನ ಮರೆಯಿಂದ ಉದ್ದನೆಯ ಪುಟ್ಟ ದಿಂಬೊಂದನ್ನು ತೆಗೆದು ತಮ್ಮ ಪಾದದ ಬಳಿ ಇಟ್ಟರು. ಪಾಲಮ್ಮನವರ ಶೇಂಗಾದ ಸಿಪ್ಪೆಯನ್ನೇ ಹಳೆಯ ರವಿಕೆ ಬಟ್ಟೆಯಲ್ಲಿ ತುಂಬಿ ಹೊಲಿದಿದ್ದರು. ಅಂಗೈ ಇಟ್ಟೆ. ಬಳೆಗಳು ಮೆತ್ತಗೆ ಅದರೊಳಗೆ ಇಳಿದವು, ಮಣಿಕಟ್ಟು ನೆಟ್ಟಗಾಯಿತು, ಮೊದಲ ಸಲ ನಾನು ತಮ್ಮ ಮಟ್ಟಕ್ಕೆ ಬಂದೆ. ಕೋನಮಾಪಕ ಜಾಮಿಟ್ರಿ ಬಾಕ್ಸಿಗೆ ವಾಪಸು ಹೋಯಿತು.

ಪರೀಕ್ಷೆಯ ನಿಯಮದ ಪ್ರಕಾರ ಮೈಕ್ ತೆರೆದಿರಬೇಕು, ಕೋಣೆಯಲ್ಲಿ ಬೇರೆ ದನಿ ಕೇಳಿಸಿದರೆ ಪರೀಕ್ಷೆ ರದ್ದು. ಎಡ ಹೆಬ್ಬೆರಳಿಗೆ ಕೈಮುಗಿದು ಶುರು ಮಾಡಿ ಒಂದು ಪ್ಯಾರಾ ದಾಟಿದ್ದೆನಷ್ಟೇ, ಹೊರಗೆ ದೊಡ್ಡ ದನಿಯಲ್ಲಿ, "ಸಿದ್ದಕ್ಕಾ, ಇನ್ನೊಂದು ಚೀಲ ತಂದೀನಿ!" ಎಂದು ಕೇಳಿಸಿತು. ನನ್ನ ಎದೆ ತಮ್ಮ ಎಲ್ಲ ಕೀಗಳಿಗಿಂತ ಜೋರಾಗಿ ಬಡಿಯಿತು. ಕಟ್ಟೆಯ ಮೇಲಿದ್ದ ಅತ್ತೆ ಓಡಿಬಂದು ಹೊರಗಿನಿಂದಲೇ ಕಿಟಕಿ ಮುಚ್ಚಿದರು. ಆದರೂ ಆ ಬದಿಯಿಂದ ಅವರಿಬ್ಬರ ಮಾತು ತೆಳುವಾಗಿ ಒಳಗೆ ಬಂತು.

"ಮೆಲ್ಲಕೆ ಮಾತಾಡೇ ಪಾಲಿ. ಒಳಗೆ ಪರೀಕ್ಷೆ ನಡೀತೈತೆ."

"ಶೇಂಗಾ ಸುಲಿಯಾಕೂ ಪರೀಕ್ಷೆ ಬಂತೇನೆ?"

"ಶೇಂಗಾ ಅಲ್ಲ ಕಣೇ. ನಿನ್ನ ಚೀಲ ಬರೋವರ್ಗೂ ಅವಳು ಒಂದು ಕಾಯಿ ಮುಟ್ಟಿದೋಳಲ್ಲ. ಅದು ಅವಳು ಟೈಪ್ ಮಾಡೋ ಸದ್ದು. ನೀನು ಹೊಗಳ್ದೆ, ನಾನು ಸುಮ್ನಾದೆ. ತಪ್ಪು ನಂದು. ಬೈಯೋದಿದ್ರೆ ನಂಗೆ ಬೈಯಿ, ಆದ್ರೆ ಅವಳು ಮುಗಿಸೋವರ್ಗೂ ಬಾಯಿ ಮುಚ್ಕಂಡು ಬೈಯಿ."

ಮಾನ್ಯರೇ, ಬೀದಿಯ ಮುಂದೆ ತಲೆ ತಗ್ಗಿಸುವುದು ನನ್ನ ಅತ್ತೆಗೆ ಎಷ್ಟು ಕಷ್ಟವೆಂದು ತಮಗೆ ತಿಳಿಯದು. ತಾವು ತಲೆ ತಗ್ಗಿಸಿದವರೇ ಅಲ್ಲ. ನನ್ನ ಕಣ್ಣು ಮಂಜಾಯಿತು, ಕೈ ಮಾತ್ರ ನಿಲ್ಲಲಿಲ್ಲ. ಸಮಯ ಮುಗಿದ ಮೇಲೆ ಹೊರಗೆ ಬಂದರೆ, ಕಟ್ಟೆಯ ಮೇಲೆ ಇಬ್ಬರೂ ಚೀಲ ಬಿಚ್ಚಿಕೊಂಡು ಪಿಟ್ಟೆನ್ನದೆ ಶೇಂಗಾ ಸುಲಿಯುತ್ತಿದ್ದರು. ಪಾಲಮ್ಮನವರು ನನ್ನ ಹೆಬ್ಬೆರಳು ನೋಡಿ, "ಅಯ್ಯೋ ನಿನ್ನ, ಬರಲ್ಲ ಅಂತ ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು? ಹೋಗು, ಒಳಗೆ ಹೋಗಿ ನಿನ್ನ ಕೆಲ್ಸ ಕುಟ್ಟು" ಎಂದರು.

ಫಲಿತಾಂಶ ಬಂದಿದೆ. ನಾನು ಆಯ್ಕೆಯಾಗಿದ್ದೇನೆ! ತಮ್ಮ ಟಕಟಕದ ನಡುವೆ ಪಾಲಮ್ಮನವರ ದನಿ ಮೈಕಿಗೆ ಕೇಳಿಸಿಲ್ಲವೆಂದು ಕಾಣುತ್ತದೆ. ಒಂದು ವಾಕ್ಯದ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಶೇಂಗಾ ಎಂದು ಬಿದ್ದಿದೆಯಂತೆ, ಅದನ್ನು ಅವರು ದೊಡ್ಡದು ಮಾಡಿಲ್ಲ. ಆದರೆ ಕೊನೆಯಲ್ಲಿ ಒಂದು ಸೂಚನೆ ಇದೆ: ನಿಮ್ಮ ಹಿನ್ನೆಲೆಯಲ್ಲಿ ಏನನ್ನೋ ಒಡೆಯುವ ಸದ್ದು ಬರುತ್ತಿದೆ, ಮುಂದೆ ದಯವಿಟ್ಟು ಸದ್ದಿಲ್ಲದ ಕೀಬೋರ್ಡ್ ಬಳಸಿರಿ. ಇದನ್ನು ಓದಿದಾಗ ಇವರ ಮುಖ, ಮಗುವನ್ನು ಹಾಸ್ಟೆಲಿಗೆ ಬಿಟ್ಟುಬನ್ನಿ ಎಂದು ಹೇಳಿಸಿಕೊಂಡ ಅಪ್ಪನ ಮುಖದಂತಾಯಿತು. ನಾನು ತಮ್ಮ ಡಬ್ಬಿಯನ್ನು ಅಟ್ಟದಿಂದ ಸಂತೋಷವಾಗಿ ಇಳಿಸುತ್ತಿದ್ದೆ. ತಡೆದವರು ಅತ್ತೆ. "ಅದು ಇಲ್ಲೇ ಇರ್ಲಿ. ಸದ್ದು ಇಲ್ದಿದ್ರೆ ನನ್ನ ಸೊಸೆ ಕೆಲಸ ಮಾಡ್ತವ್ಳೆ ಅಂತ ಬೀದಿಗೆ ಹೆಂಗೆ ಗೊತ್ತಾಗಬೇಕು? ಈಗ ಹೇಳಿದ್ರೆ ಸುಳ್ಳೂ ಅಲ್ಲ" ಎಂದರು.

ಹೀಗಾಗಿ ತಾವು ಇಲ್ಲೇ ಇರುವಿರಿ. ಇರುವುದಾದರೆ, ಪಂಚಮಿಯವರೆಗಾದರೂ ಒಂದು ಅಂಗುಲ ಕುಗ್ಗಿರಿ. ಕಂಪನಿಯವರ ಕಿವಿಗೆ ಮೂಕರಾಗಿಯೂ ಬೀದಿಯ ಕಿವಿಗೆ ವಾಚಾಳಿಯಾಗಿಯೂ ಏಕಕಾಲದಲ್ಲಿ ವರ್ತಿಸಿರಿ. ಮತ್ತು ಬೆಳಿಗ್ಗೆ ಯಾರಾದರೂ ಬ್ರಷ್ ಹಿಡಿದು ಬಂದರೆ, ತಮಗೆ ಕಚಗುಳಿಯಾಗುತ್ತದೆ, ಮೊದಲು ಹೆಂಡತಿಗೆ ಬಿಸಿ ಕಾಫಿ ಕೊಟ್ಟು ಬನ್ನಿ ಎಂದು ಹೇಳಿ ಕಳುಹಿಸಿರಿ.

ತಮ್ಮ ವಿಶ್ವಾಸಿ
(ವಿಶ್ವಾಸ ಗಂಡನ ಮೇಲೆ, ಅತ್ತೆಯ ಮೇಲೆ; ತಮ್ಮ ಮೇಲೆ ಬರೀ ಕೈ),
ಸ್ವಾತಿ ಕೊಟ್ರೇಶ್
ಆದಿವಾಲ, ಹಿರಿಯೂರು ತಾಲ್ಲೂಕು

ತಾ.ಕ.: ಬರುವ ವಾರ ಪಾಲಮ್ಮನವರ ಮನೆಗೆ ಹೊಳಲ್ಕೆರೆಯಿಂದ ಬೀಗರು ಬರುತ್ತಾರಂತೆ. "ನಿಮ್ಮ ಆ ಟಕಟಕ ಒಂದಿನ ನಮ್ಮನೇಲಿ ಇರ್ಲಿ, ಸೊಸೇರನ್ನ ಒಳಗೆ ಕೂರ್ಸಿ ಕುಟ್ಟಿಸ್ತೀನಿ, ಬೀಗರೂ ಕೇಳಿಸ್ಕಳ್ಳಲಿ" ಎಂದು ಕೇಳಿಕೊಂಡು ಹೋಗಿದ್ದಾರೆ. ನಾನು ಒಪ್ಪಿದ್ದೇನೆ. ಹೋಗಿಬನ್ನಿರಿ. ಅವರ ಮನೆಯಲ್ಲಿ ಬ್ರಷ್ ಇಲ್ಲ, ಕುರಿ ಇವೆ.